ಹಿಂದೆ ನೀರು ಕಾಣಬೇಕೆಂದ ಮದುವೆ

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿದ್ದ ನನ್ನ ಸ್ಟುಡಿಯೋದ ಬಾಗಿಲು ಹಾಕಿ ಎರಡು ವರ್ಷವಾಯಿತು. ಆದರೂ ಮನೆಗೆ ಹುಡುಕಿಕೊಂಡು ಬಂದು ಕೇಳುವವರು ತಪ್ಪಿಲ್ಲ. "ಮಾಸ್ತರ್, ಹೈದರಾಬಾದಿನಾಗ ಮದಿವಿ ಫೋಟೋಕ್ಕ ಛಲೋ ಜಾಗಾ ಯಾವ್ದದ, ಹೇಳ್ರಿ." ಕೇಳುವವರು ಮದುಮಕ್ಕಳೂ ಅಲ್ಲ, ಅವರ ತಾಯಿತಂದೆಯೂ ಅಲ್ಲ. ಈ ಧಂಧೆಗೆ ಹೊಸದಾಗಿ ಇಳಿದ ಫೋಟೋಗ್ರಾಫರುಗಳು. ಕೊರಳಲ್ಲಿ ಜಪಾನಿನ ಕ್ಯಾಮೆರಾ, ಬಗಲಲ್ಲಿ ಇಷ್ಟು ದೊಡ್ಡ ಚೀಲ. ಲೈಟು ಹೇಗೆ ಬೀಳಬೇಕು, ಕಪ್ಪು ಮೈಬಣ್ಣದ ಮದುಮಗಳ ಮುಖ ಹೇಗೆ ಎತ್ತಿ ತೋರಿಸಬೇಕು ಎಂದು ಒಬ್ಬನಾದರೂ ಕೇಳಿದ್ದರೆ ನನ್ನಾಣೆ. ಎಲ್ಲರಿಗೂ ಬೇಕಾದದ್ದು ಕಾರಂಜಿ, ಕೆರೆ, ಗುಡ್ಡ, ಸೇತುವೆ. ಈಗಂತೂ ಬೆಂಗಳೂರು, ಮೈಸೂರು ಅಂತ ಬೇರೆ ಶುರುವಾಗಿದೆ. ಅವರಿಗೆಲ್ಲ ಚಹಾ ಕುಡಿಸಿ ಕಳಿಸಿ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದು ಒಗೆದುಬಿಡುತ್ತೇನೆ, ಓದಿಕೊಳ್ಳಲಿ.

ನಾನು ಕೆಲಸ ಕಲಿತದ್ದು ವಾಡಿಯಲ್ಲಿ. ನಮ್ಮ ಸೀಮೆ ಹೊಸದಾಗಿ ಮೈಸೂರು ರಾಜ್ಯಕ್ಕೆ ಸೇರಿದ ಕಾಲ. ವಾಡಿ ಜಂಕ್ಷನ್ನಿನ ಎದುರು ನನ್ನ ಉಸ್ತಾದರದೊಂದು ಸ್ಟುಡಿಯೋ ಇತ್ತು. ಮುಂಬಯಿ, ಮದ್ರಾಸು, ಹೈದರಾಬಾದು ಮೂರು ದಿಕ್ಕಿನ ಗಾಡಿ ಬದಲಿಸುವ ಮಂದಿ ಎರಡು ತಾಸು ಮೂರು ತಾಸು ಕಾಯಬೇಕಾಗುತ್ತಿತ್ತು. ಕಾಯುವವರು ಬೇಸರ ಕಳೆಯಲು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಉಸ್ತಾದರ ಹತ್ತಿರ ಗಿರಾಕಿಯ ಹಿಂದೆ ಇಳಿಬಿಡುವ ಮೂರು ಅರಿಬಿ ಪಡದೆ ಇದ್ದವು. ಒಂದು ಅರಮನೆಯ ಮೆಟ್ಟಿಲು, ಒಂದು ಹೂದೋಟ, ಒಂದು ಕೆರೆ. ಮೂರನ್ನೂ ಬರೆದವನು ಲಾರಿಗಳ ಹಿಂದೆ ಹೆಸರು ಬರೆಯುವ ಪೇಂಟರ್. ಕೆರೆಯಲ್ಲಿ ಅವನು ಬಿಟ್ಟಿದ್ದ ಹಂಸ ಹಂಸವೋ ಕೊಕ್ಕರೆಯೋ ಅವನಿಗೂ ಗೊತ್ತಿರಲಿಲ್ಲ.

ಉಸ್ತಾದರು ಭಾರಿ ಸಿಟ್ಟಿನ ಮನುಷ್ಯ. ಗಿರಾಕಿ ಪಡದೆ ಆರಿಸುತ್ತ ನಿಂತಷ್ಟೂ ಹೊತ್ತು ಬೀಡಿ ಸೇದುತ್ತ ಗೊಣಗುತ್ತಿದ್ದರು. ಒಂದು ದಿನ ನಾನು ಪಡದೆಯ ಸುಕ್ಕು ತೀಡುತ್ತ ಹತ್ತು ನಿಮಿಷ ಕಳೆದೆ. ಅಷ್ಟರಲ್ಲಿ ಕುರ್ಚಿಯ ಮೇಲೆ ಕುಳಿತ ಗಿರಾಕಿಯ ಹಣೆಯ ಮೇಲೆ ಬೆವರು ಇಳಿದು ಮುಖವೆಲ್ಲ ಎಣ್ಣೆ ಸುರಿದಂತಾಗಿತ್ತು. ಉಸ್ತಾದರು ನನ್ನ ಕಿವಿ ಹಿಂಡಿ ಅವನ ಮುಂದೆಯೇ ಬೈದರು.

"ಏ ಬೇವಕೂಫ್, ಅರಿಬಿ ಏನ್ ನೋಡ್ತಿ? ರೊಕ್ಕ ಕೊಡಾಂವ ಅರಿಬಿ ಅಲ್ಲ, ಇಂವ. ಇವನ ಮಾರಿ ನೋಡು."

ಆ ಬೈಗುಳ ನನಗೆ ಕಿವಿಯವರೆಗೆ ಹೋಯಿತು, ತಲೆಯೊಳಗೆ ಇಳಿಯಲಿಲ್ಲ. ಇಳಿದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮಂದಿಯ ಹುಚ್ಚನ್ನು ಏನು ಹೇಳಲಿ. ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆಯಿಂದ ಗಂಡ ಹೆಂಡತಿ ಬಂದಿದ್ದರು. ಹೊಸದಾಗಿ ಮದುವೆಯಾದವರು, ಅರ್ಧ ತೆಲುಗು ಅರ್ಧ ಕನ್ನಡ. ನಾನು ಬುದ್ಧಿವಂತನಂತೆ ಹೂದೋಟದ ಗಿಡಬಳ್ಳಿಯ ಪಡದೆ ಇಳಿಬಿಟ್ಟೆ. ಗಂಡ ಕೈ ಅಡ್ಡ ಹಿಡಿದ. "ಅಡವಿ ದಿನಾ ನೋಡ್ತೀವಿ ಸಾರ್, ಮೇಡ ಹಾಕ್ರಿ." ಮೇಡ ಎಂದರೆ ಅವರ ಮಾತಿನಲ್ಲಿ ಮಹಡಿ ಮನೆ. ಅರಮನೆಯ ಮೆಟ್ಟಿಲು ಹಾಕಿದೆ, ಖುಷಿಯಾಗಿ ಹೋದರು. ಮುಂದೆ ನಾನು ಶಹಾಬಾದಿನಲ್ಲಿ ಸ್ವಂತ ಅಂಗಡಿ ತೆರೆದ ಮೇಲೆ ಅದೇ ಕುಂಚಾವರಂಗೆ ನನ್ನನ್ನು ಒಬ್ಬ ಸರ್ಕಾರಿ ಸಾಹೇಬರು ಕರೆಸಿದರು. ದೊಡ್ಡ ಊರಿನಿಂದ ಬಂದವರು, ಅವರಿಗೆ ಅಡವಿಯೇ ಬೇಕು. ಹೆಂಡತಿ ಮೇಡಂ ಅವರನ್ನೂ ಮೇಡಂ ತಂಗಿಯನ್ನೂ ಒಂದು ಮರದ ಬುಡಕ್ಕೆ ನಿಲ್ಲಿಸಿ, "ಇನ್ನೂ ಒಳಗ, ಇನ್ನೂ ಒಳಗ" ಎಂದು ಸಾಹೇಬರು ತಳ್ಳಿದರು. ತಂಗಿ ನಿಂತದ್ದು ಕೆಂಜಿಗ ಇರುವೆಗಳ ಗೂಡಿನ ಮೇಲೆ. ನಾನು ಒತ್ತಿದ ಹೊತ್ತಿಗೆ ಆಕೆ ಸೀರೆ ಝಾಡಿಸುತ್ತ ಕುಣಿಯುತ್ತಿದ್ದಳು. ಆ ಫೋಟೋವನ್ನು ಸಾಹೇಬರು ಹರಿದು ಹಾಕಿದರು. ನನಗೆ ಮಾತ್ರ ಆ ಪ್ರವಾಸದಲ್ಲಿ ತೆಗೆದದ್ದರಲ್ಲಿ ಜೀವ ಇದ್ದದ್ದು ಅದೊಂದೇ ಅನಿಸಿತ್ತು.

ನಾನೇನು ಭಾಳ ಶಾಣ್ಯಾ ಅಂತ ತಿಳಿಯಬೇಡಿ. ದಪ್ಪ ರೋಲಿನ ಪೆಟ್ಟಿಗೆ ಕ್ಯಾಮೆರಾ ಬಿಟ್ಟು ಸಣ್ಣ ಕ್ಯಾಮೆರಾ ಹಿಡಿದ ಹೊಸತರಲ್ಲಿ ಗುಂಡಗುರ್ತಿಯಲ್ಲಿ ಒಂದು ಮದುವೆ ತೆಗೆದೆ. ಮೂವತ್ತಾರು ಸಲ ಒತ್ತಿದೆ, ಮೂವತ್ತಾರು ಸಲ ತಿರುವಿದೆ. ಒಳಗೆ ರೋಲಿನ ತುದಿ ಅದನ್ನು ಎಳೆಯುವ ಚಕ್ರದ ಹಲ್ಲಿಗೆ ಸಿಕ್ಕಿರಲೇ ಇಲ್ಲ. ತಿರುಗಿದ್ದು ಬರೀ ಗುಂಡಿ. ತೊಳೆದು ನೋಡಿದರೆ ಗಾಜಿನಂತೆ ಖಾಲಿ. ಎಂಟು ದಿನದ ಮೇಲೆ ಅವರ ಮನೆಗೆ ಹೋಗಿ, ಕಾಲು ಹಿಡಿಯುವುದೊಂದು ಬಾಕಿ, ಮದುಮಕ್ಕಳಿಗೆ ಮತ್ತೆ ಬಾಸಿಂಗ ಕಟ್ಟಿಸಿ ಕೂರಿಸಿದೆ. ಬೀಗರು ಊರಿಗೆ ಹೋಗಿಯಾಗಿತ್ತು. ಹೊಲಕ್ಕೆ ಹೊರಟವರನ್ನು ಕರೆದು ಬೀಗರ ಜಾಗದಲ್ಲಿ ನಿಲ್ಲಿಸಿದೆ. ಆ ಮನೆಯ ಹಿರಿಯರು ನಗುತ್ತಲೇ ಎಲ್ಲ ಮಾಡಿಕೊಟ್ಟರು. ಅಂಥ ತಪ್ಪನ್ನು ತಿದ್ದಿಕೊಳ್ಳುವ ಹಾದಿ ಇರುತ್ತದೆ. ಆ ಹಾದಿಯೇ ಇಲ್ಲದ ತಪ್ಪೂ ಇರುತ್ತದೆ, ಅದನ್ನೇ ಈಗ ಹೇಳುತ್ತೇನೆ.

ಕಲರ್ ಫೋಟೋ ನಮ್ಮ ಕಡೆ ಕಾಲಿಟ್ಟ ಹೊಸತು. ತೊಳೆಯಲು ಹೈದರಾಬಾದಿಗೇ ಕಳಿಸಬೇಕು. ಶಹಾಬಾದಿನ ಪಕ್ಕದ ಭಂಕೂರಿನಲ್ಲಿ ಶಿವಶರಣಪ್ಪ ಅಂತ ಒಬ್ಬ ನೆಲಕ್ಕೆ ಹಾಸುವ ಫರಸಿಕಲ್ಲಿನ ಗುತ್ತೇದಾರರಿದ್ದರು. ಮನುಷ್ಯ ಕೆಟ್ಟವರಲ್ಲ, ಆದರೆ ಯಾರಾದರೂ ದೊಡ್ಡ ಊರಿನ ಹೆಸರು ಹೇಳಿದರೆ ಕೈಕಟ್ಟಿ ನಿಂತುಬಿಡುತ್ತಿದ್ದರು. ಅವರ ಒಬ್ಬಳೇ ಮಗಳು ಮಹಾದೇವಿ. ಹೆತ್ತ ತಾಯಿ ಬಾಣಂತಿತನದಲ್ಲೇ ತೀರಿಕೊಂಡಿದ್ದಳು. ಬೆಳೆಸಿದವಳು ಆಯಿ, ಅಂದರೆ ಶಿವಶರಣಪ್ಪನವರ ತಾಯಿ. ಆ ಆಯಿ ಮದುವೆಯ ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಹೊರಸಿನ ಮೇಲೆಯೇ ಎಲ್ಲ. ಕಣ್ಣಿಗೂ ಪೊರೆ ಬಂದಿತ್ತು. ಪದ್ಧತಿಯಂತೆ ಹೆಣ್ಣಿನ ಮನೆಯ ಮುಂದೆ ಹಂದರ ಹಾಕಿದ್ದರೆ ಹೊರಸು ಹೊರಗೆ ತಂದು ಹಾಕಿದರೆ ಮುಗಿಯುತ್ತಿತ್ತು, ಮೊಮ್ಮಗಳ ತಲೆಯ ಮೇಲೆ ಅಕ್ಕಿಕಾಳು ಬೀಳುವುದನ್ನು ಆಯಿ ಒಂದೇ ಮಾರು ದೂರದಿಂದ ನೋಡುತ್ತಿದ್ದಳು.

ಆದರೆ ವರ ಬಿಡಬೇಕಲ್ಲ! ಸೇಡಂ ಕಡೆಯವನು, ಚಂದ್ರಕಾಂತ ಅಂತ, ಹೈದರಾಬಾದಿನ ಒಂದು ಆಫೀಸಿನಲ್ಲಿ ಕೆಲಸ. ಅವನಿಗೆ ಭಂಕೂರಿನ ಕಲ್ಲಿನ ಧೂಳಿನಲ್ಲಿ ಮದುವೆಯಾಗುವುದು ಅವಮಾನ. ಆಫೀಸಿನ ಗೆಳೆಯರಿಗೆ ಏನು ತೋರಿಸುವುದು? ಮದುವೆ ಹೈದರಾಬಾದಿನಲ್ಲೇ ಆಗಬೇಕು, ಫೋಟೋದಲ್ಲಿ ಹಿಂದೆ ನೀರು ಕಾಣಬೇಕು ಎಂದ. ಮಾವನವರು ಕೈಕಟ್ಟಿ ನಿಂತರು. ಜಾಗ ನೋಡಲು ನನ್ನನ್ನೂ ಕರೆದುಕೊಂಡು ಹೋದರು.

ಜಾಗ ನೋಡಲು ಹೊರಡುವ ದಿನ ನಾನು ಅವರ ಮನೆಗೆ ಹೋದಾಗ ಆಯಿ ಹೊರಸಿನ ಮೇಲಿಂದ ನನ್ನ ಕೈ ಹಿಡಿದಳು.

"ಮಾಸ್ತರ್, ನನಗಂತೂ ಬರ್ಲಾಕ ಆಗಲ್ಲ. ನನ್ ಕೂಸು ಬಾಸಿಂಗ ಕಟ್ಕೊಂಡು ಹೆಂಗ ಕಾಣ್ತಾಳ ನೀನೇ ತಂದು ತೋರ್ಸಬೇಕು ನೋಡಪ್ಪ."

"ತೋರಿಸ್ತೀನಿ ಬಿಡ್ರಿ ಆಯಿ. ಬಾಜೂಕ ಕುಂತು ನೋಡಿದಂಗ ಅನಸಬೇಕು, ಹಂಗ ತೆಗಿತೀನಿ" ಎಂದೆ.

ದಾರಿಯಲ್ಲಿ ಶಿವಶರಣಪ್ಪನವರು ಕೇಳಿದರು: "ನೀವು ತಿಳದವರು. ಮನಿ ಮುಂದ ಮಾಡಿದ್ರ ಫೋಟೋ ಛಲೋ ಬರಲ್ಲೇನ್ರಿ?" ಆಗ "ಬರ್ತಾವ್ರಿ" ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆ ಮನುಷ್ಯನಿಗೆ ಅಳಿಯನ ಮುಂದೆ ಹೇಳಲು ಒಂದು ಆಧಾರ ಬೇಕಿತ್ತು. ನನಗೋ ನನ್ನ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಲು ಒಂದು ಕೆರೆಯ ಕಲರ್ ಫೋಟೋ ಬೇಕಿತ್ತು. "ಧೂಳು ಭಾಳರಿ ಸಾವ್ಕಾರ್, ಕಲರ್‌ಗೆ ಧೂಳು ನಡೆಯಲ್ಲ" ಎಂದೆ. ಸುಳ್ಳು. ಧೂಳಿಗೂ ಕಲರಿಗೂ ಏನೂ ಸಂಬಂಧವಿಲ್ಲ.

ಹೈದರಾಬಾದಿನಲ್ಲಿ ಚಂದ್ರಕಾಂತ ನಮ್ಮಿಬ್ಬರನ್ನು ದಿನವಿಡೀ ಸುತ್ತಾಡಿಸಿದ. ಒಂದು ಛತ್ರದ ಮುಂದೆ ರಸ್ತೆ, ಬೇಡ. ಇನ್ನೊಂದರ ಪಕ್ಕ ಸ್ಮಶಾನ, ಬೇಡ. ಸಂಜೆ ಹೊತ್ತಿಗೆ ಒಂದು ಕೆರೆಯ ದಂಡೆಯ ಛತ್ರಕ್ಕೆ ಬಂದೆವು. ಮುಂದೆ ತೆರೆದ ಕಟ್ಟೆ, ಕಟ್ಟೆಯ ಆಚೆ ಪೂರ್ವಕ್ಕೆ ಹರಡಿದ ನೀರು, ಇಳಿಬಿಸಿಲಿಗೆ ನೀರೆಲ್ಲ ಬಂಗಾರ. ಹತ್ತಿರದಲ್ಲೇ ಒಂದು ತೋಟ, ತೋಟದಲ್ಲಿ ಸಣ್ಣ ಸೇತುವೆ. ನಾನು ಮಾವ ಅಳಿಯ ಇಬ್ಬರನ್ನೂ ನೀರಿಗೆ ಬೆನ್ನು ಮಾಡಿ ನಿಲ್ಲಿಸಿ ಕ್ಯಾಮೆರಾದಲ್ಲಿ ನೋಡಿದೆ. ಬಿಸಿಲು ಮುಖಕ್ಕೆ, ನೀರು ಹಿಂದೆ. "ಏ ವಾಹ್, ಇದೇ ಜಾಗಾ" ಎಂದೆ. ಚಂದ್ರಕಾಂತ ನನ್ನ ಬೆನ್ನು ತಟ್ಟಿದ. ಮೂವರೂ ಮದುವೆ ಊಟ ಉಂಡು ಬೆಳೆದವರು, ನಾನು ನೂರಾರು ಮದುವೆ ತೆಗೆದವನು. ಮೂವರಲ್ಲಿ ಒಬ್ಬನಿಗೂ ಹೊಳೆಯದ ಒಂದು ಸಣ್ಣ ಸಂಗತಿ ಅಲ್ಲಿತ್ತು. ಮದುವೆಯ ದಿನದವರೆಗೂ ಹೊಳೆಯಲಿಲ್ಲ.

ದಿಬ್ಬಣ ಹೊರಟ ಚಂದವೇ ಚಂದ. ಶಹಾಬಾದಿನಿಂದ ವಾಡಿ, ವಾಡಿಯಲ್ಲಿ ಗಾಡಿ ಬದಲಿಸಿ ಹೈದರಾಬಾದು ಪ್ಯಾಸೆಂಜರ್. ಚಿತ್ತಾಪುರದಲ್ಲಿ ಸೋದರಮಾವಂದಿರು ಹತ್ತಿದರು, ಸೇಡಂನಲ್ಲಿ ಬೀಗರು ಹತ್ತಿದರು. ಮಹಾದೇವಿಯ ಸೋದರತ್ತೆ ಒಬ್ಬಾಕೆ ಹಟಮಾರಿ. ಹಂದರಕ್ಕೆ ಮೊದಲು ನೆಟ್ಟು ಪೂಜಿಸುವ ಹಾಲಗಂಬ ನಮ್ಮ ಹೊಲದ್ದೇ ಆಗಬೇಕು ಎಂದು ಎಲೆ ಸಮೇತ ಹಸಿ ಟೊಂಗೆಯೊಂದನ್ನು ಕಡಿಸಿ ತಂದಿದ್ದಳು. ಅದನ್ನು ಕಿಟಕಿಯಿಂದ ತೂರಿಸಿದರು. ತಾಂಡೂರಿನ ಹತ್ತಿರ ಟಿಕೆಟ್ ನೋಡುವವನು ಬಂದು ತಲೆ ಮೇಲೆ ಕೈ ಹೊತ್ತ.

"ಏನಮ್ಮಾ ಇದು, ಮರ ತಂದೀರಿ ಗಾಡಿಯಾಗ?"

"ಗಿಡ ಅಲ್ಲಪ್ಪ, ಹಾಲಗಂಬ. ನಿಮ್ಮ ಮದಿವಿ ಏನು ಟಿಕೀಟಿನ ಮ್ಯಾಲೇ ಆತೇನು?" ಎಂದಳು ಅತ್ತೆ. ಗಾಡಿಯ ಡಬ್ಬಿಯಲ್ಲಿದ್ದವರೆಲ್ಲ ನಕ್ಕರು, ಅವನೂ ನಕ್ಕು ಹೋದ.

ಛತ್ರದಲ್ಲಿ ನೆಲವೆಲ್ಲ ಸಿಮೆಂಟು. ಕಂಬ ಹುಗಿಯಲು ಮ್ಯಾನೇಜರ್ ಒಪ್ಪಲಿಲ್ಲ. ಕೊನೆಗೆ ಒಂದು ಖಾಲಿ ಎಣ್ಣೆ ಡಬ್ಬಿಯಲ್ಲಿ ಮರಳು ತುಂಬಿ ಹಾಲಗಂಬ ನಿಲ್ಲಿಸಿದರು. ಹಾಲು ತುಪ್ಪ ಎರೆದರು, ಕಂಕಣ ಕಟ್ಟಿದರು. ಗಾಳಿ ಬೀಸಿದಾಗಲೆಲ್ಲ ಯಾರಾದರೂ ಓಡಿ ಹೋಗಿ ಹಿಡಿದುಕೊಳ್ಳುತ್ತಿದ್ದರು.

ಮರುದಿನ ಮುಂಜಾನೆ ಮುಹೂರ್ತ. ಮದುವೆ ಮಾಡಿಸಲು ಬಂದ ಅಯ್ಯನವರು ಕಟ್ಟೆಯ ಮೇಲೆ ಮಣೆ ಹಾಕಿಸಿದರು. ಎಲ್ಲಿ ಹಾಕಬೇಕೋ ಅಲ್ಲೇ ಹಾಕಿಸಿದರು, ಪೂರ್ವಕ್ಕೆ ಮುಖ ಮಾಡಿ. ಮದುಮಕ್ಕಳು ನೀರನ್ನು ನೋಡುತ್ತ ಕುಳಿತರು. ನಾನು ಅವರ ಮುಂದೆ ನಿಂತೆ. ನೀರು ನನ್ನ ಬೆನ್ನ ಹಿಂದೆ. ಅವರ ಹಿಂದೆ ಛತ್ರದ ಗೋಡೆ, ಮಳೆ ನೀರಿನ ಹಸಿರು ಪಾಚಿ, ಒಂದರ ಮೇಲೊಂದು ಒಟ್ಟಿದ ಕಬ್ಬಿಣದ ಕುರ್ಚಿ, ನೀರಿನ ಪಂಪಿನ ಖೋಲಿ. ಆ ಸಣ್ಣ ಸಂಗತಿ ಆಗ ಹೊಳೆಯಿತು. ನೂರಾರು ಮದುವೆಯಲ್ಲಿ ನೂರಾರು ಜೋಡಿ ಪೂರ್ವಕ್ಕೆ ಮುಖ ಮಾಡಿದ್ದನ್ನು ನೋಡಿದ ಕಣ್ಣು ನನ್ನವು! ನಾಚಿಕೆಯಿಂದ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು.

ಬಾಸಿಂಗದ ಸಂದಿಯಿಂದ ಚಂದ್ರಕಾಂತ ಕಣ್ಣು ಕೆಕ್ಕರಿಸಿದ. "ಮಾಸ್ತರ್, ನೀರ್ ಎಲ್ಲ್ಯದರಿ?"

"ನನ್ನ ಹಿಂದದರಿ" ಎಂದೆ.

"ಹಂಗಾರ ಮಣಿ ತಿರುವಿ ಹಾಕಸ್ರಿ."

ಅಯ್ಯನವರಿಗೆ ಕೇಳಿಸಿತು. "ಏ ತಮ್ಮಾ, ಪಡುವಲ್ಕ ಮಾರಿ ಮಾಡ್ಸಿ ಮದಿವಿ ಮಾಡ್ಲಾಕ ನಾ ಬಂದಿಲ್ಲ. ಕೆರಿ ಬೇಕಂದ್ರ ಕೆರಿನೇ ಹೊತ್ತು ಈ ಕಡಿ ತಂದು ಇಡ್ರಿ." ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ಅಳಿಯನ ಮುಖ ಕೆಂಪಾಯಿತು. ನನ್ನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದ: "ಈ ಗ್ವಾಡಿ ಫೋಟೋ ನನಗ ಬ್ಯಾಡ. ರೋಲ್ ಹಾಳ್ ಮಾಡಬ್ಯಾಡ್ರಿ. ತ್ವಾಟಕ್ಕ ಉಳಸ್ರಿ."

ನಾನು ಕೇಳಿದೆ. ಅದೇ ನೋಡಿ, ನಾನು ಅವನ ಮಾತು ಕೇಳಿದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಎಲ್ಲಿಯಾದರೂ ಒಂದು ತುಣುಕು ನೀರು ಸಿಕ್ಕೀತೇ ಎಂದು ಮಗ್ಗುಲಿಗೆ, ಇನ್ನೂ ಹಿಂದಕ್ಕೆ ಸರಿಯುತ್ತ ಹೋದೆ. ಎರಡು ಫೋಟೋ ತೆಗೆದೆ. ಎರಡರಲ್ಲೂ ಬಂದದ್ದು ಬೀಗರ ರುಮಾಲುಗಳು ಮತ್ತು ಮಹಾದೇವಿಯ ಒಂದು ಕಿವಿ.

ಊಟವಾದ ಮೇಲೆ ತೋಟ. ಶಿವಶರಣಪ್ಪನವರು ಊರಿಗೆ ಹೊರಟ ಬೀಗರನ್ನು ಕಳಿಸಲು ಛತ್ರದಲ್ಲೇ ಉಳಿದರು. ಮದುಮಕ್ಕಳು, ನಾನು, ಅಳಿಯನ ಇಬ್ಬರು ಗೆಳೆಯರು, ಇಷ್ಟೇ ಮಂದಿ. ಬಾಸಿಂಗ ಕಟ್ಟಿದ ಮದುಮಕ್ಕಳನ್ನು ಕಂಡು ತೋಟದ ಜನ ಕಡಲೆಕಾಯಿ ತಿನ್ನುತ್ತ ಹಿಂದೆ ಬಂದರು. "ಮರಾ ಪೂರಾ ಬರ್ಬೇಕು", "ಸೇತುವೆ ಪೂರಾ ಬರ್ಬೇಕು", "ಆ ಕಡೆ ಗುಡ್ಡನೂ ಬರ್ಬೇಕು" ಎಂದು ಚಂದ್ರಕಾಂತ ಹೇಳುತ್ತ ಹೋದ. ಪೂರಾ ಬರಬೇಕಾದರೆ ನಾನು ಹಿಂದೆ ಹೋಗಬೇಕು. ನಾನು ಹಿಂದೆ ಹೋದಷ್ಟೂ ಅವರು ಸಣ್ಣಗಾಗಬೇಕು. ಕ್ಯಾಮೆರಾದಲ್ಲಿ ಅವರಿಬ್ಬರೂ ಜೋಳದ ಕಾಳಿನಷ್ಟು ಕಾಣುತ್ತಿದ್ದರು. ಹಾಳಾಗಿ ಹೋಗಲಿ, ಕೆರೆ ಮಾತ್ರ ಭಾರಿ ಚೆಂದ ಬರುತ್ತಿತ್ತು.

ಬಿಸಿಲಿಗೆ ಬಾಡಿದ ಹುಡುಗಿ ಒಮ್ಮೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಕಾಕಾ, ನನ್ ಮಾರಿ ಕಾಣ್ತದಲ್ಲರಿ? ಆಯಿಗಿ ತೋರ್ಸಬೇಕು. ಆಕಿಗಿ ಸಣ್ಣದು ಕಾಣಲ್ಲ. ಹತ್ತಿರದ್ದು ಒಂದ್ ತೆಗೀರಿ."

ನೋಡಿದೆ, ತಂದದ್ದೇ ಒಂದು ಕಲರ್ ರೋಲು, ಅದರಲ್ಲಿ ಒಂದೇ ಫೋಟೋ ಉಳಿದಿತ್ತು. ಅಷ್ಟರಲ್ಲಿ ಚಂದ್ರಕಾಂತ ಸೇತುವೆಯ ಆ ತುದಿಯಿಂದ ಕೈಬೀಸಿ ಕರೆದ. ನೀರಿನ ಅಂಚು, ಸೇತುವೆ, ದೊಡ್ಡ ಮರ ಮೂರೂ ಒಂದರಲ್ಲಿ ಬರುವ ಜಾಗ ಅವನಿಗೆ ಸಿಕ್ಕಿತ್ತಂತೆ. ನನ್ನ ಕಣ್ಣಿಗೂ ಆ ಜಾಗ ಬಿತ್ತು, ನನ್ನ ಗಾಜಿನ ಪೆಟ್ಟಿಗೆಯೂ ನೆನಪಾಯಿತು. "ಕಾಣ್ತದವ್ವ, ಎಲ್ಲಾದ್ರಾಗೂ ಕಾಣ್ತದ, ನೀ ನಡಿ" ಎಂದೆ. ನಂಬಿ ಹೋದಳು. ಕೊನೆಯದನ್ನೂ ಅಲ್ಲೇ ಒತ್ತಿದೆ.

ಫೋಟೋ ತೊಳೆದು ಬಂದವು. ಕಿವಿಯ ಫೋಟೋ ಎರಡನ್ನೂ ಅಳಿಯ ತೆಗೆದುಹಾಕಿಸಿದ. ಉಳಿದವನ್ನು ಅಂಟಿಸಿ ಒಂದು ಆಲ್ಬಂ ಅವನಿಗೆ, ಒಂದು ಭಂಕೂರಿಗೆ. ಭಂಕೂರಿನದನ್ನು ನಾನೇ ಒಯ್ದೆ. ಮಹಾದೇವಿ ಗಂಡನ ಸಂಗಡ ಹೈದರಾಬಾದಿನಲ್ಲಿದ್ದಳು. ಶಿವಶರಣಪ್ಪನವರು ಆಲ್ಬಂ ಕಸಿದುಕೊಂಡಂತೆ ತೆಗೆದುಕೊಂಡು ಆಯಿಯ ಹೊರಸಿನ ಮೇಲೇ ಕುಳಿತರು. ಆಯಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆ ಬಾಚಿಸಿಕೊಂಡು, ಹೊಸ ಸೀರೆ ಉಟ್ಟುಕೊಂಡು, ಮದುವೆಗೆ ಬಂದವಳ ಹಾಗೆ ಕುಳಿತಿದ್ದಳು.

ಒಂದು ಹಾಳೆ ತಿರುವಿದರು. ಆಯಿ ಮೂಗಿನ ಹತ್ತಿರ ಹಿಡಿದು ನೋಡಿದಳು. "ನೀರೇನ್ ಭಾಳ ಛಲೋ ಅದ" ಎಂದಳು. ಇನ್ನೊಂದು ತಿರುವಿದರು. "ಇದು ಗಿಡ" ಎಂದಳು. ಮತ್ತೊಂದು. "ಶರಣಪ್ಪಾ, ನನ್ ಕೂಸು ಎಲ್ಲಿ ಅದಾಳೋ?"

ಶಿವಶರಣಪ್ಪನವರು ಗಡಿಬಿಡಿಗೊಂಡರು. ಹಾಳೆ ಹಾಳೆ ಹುಡುಕಿದರು. ಕೊನೆಯ ಫೋಟೋ ಬಂತು, ನೀರು, ಸೇತುವೆ, ದೊಡ್ಡ ಮರ ಮೂರೂ ಇದ್ದದ್ದು. ಅದರಲ್ಲಿ ಮದುಮಕ್ಕಳು ಆ ತುದಿಯ ನೆರಳಿನಲ್ಲಿ ಎಲ್ಲೋ ಇದ್ದರು. ಈ ಕಡೆ, ಬಿಸಿಲಲ್ಲಿ, ಮಹಾದೇವಿಯಂತೆಯೇ ಕೆಂಪು ಸೀರೆ ಉಟ್ಟ ಒಬ್ಬ ಹೆಣ್ಣುಮಗಳು ಮುಡಿ ತುಂಬ ಹೂವು ಮುಡಿದು, ನಮಗೆ ಬೆನ್ನು ಮಾಡಿ, ಯಾರೋ ಗಂಡಸಿನ ಪಕ್ಕ ನಡೆಯುತ್ತಿದ್ದಳು. ತೋಟ ನೋಡಲು ಬಂದಿದ್ದ ಯಾರ ಮನೆಯವಳೋ.

"ಇಲ್ಲಿ ನೋಡವ್ವ, ಇಲ್ಲಿ ಅದಾಳಲ್ಲ!" ಎಂದು ಶಿವಶರಣಪ್ಪನವರು ಆಕೆಯ ಮೇಲೆ ಬೆರಳಿಟ್ಟರು. ಹೆತ್ತ ತಂದೆ. ಮುಖದ ಮೇಲೆ ಸಮಾಧಾನ.

ಆಯಿ ಫೋಟೋವನ್ನು ಬಿಸಿಲಿಗೆ ಹಿಡಿದು ಭಾಳ ಹೊತ್ತು ನೋಡಿದಳು. ಅವಳ ಬಾಯಿ ಅರಳಿತು. "ಯವ್ವಾ! ಮೈ ಕೈ ತುಂಬ್ಯಾವ ನೋಡು ನನ್ ಕೂಸಿಂದು. ಇಲ್ಲಿದ್ದಾಗ ಕಡ್ಡಿ ಆಗಿದ್ಳು." ಎರಡೂ ಕೈಯಿಂದ ಆ ಹೆಣ್ಣುಮಗಳನ್ನು ನಿವಾಳಿಸಿ, ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ಲಟಲಟ ನೆಟಿಗೆ ಮುರಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಹೌದಿಲ್ಲೊ ಮಾಸ್ತರ್? ಅಕಿನೇ ಹೌದಲ್ಲ?"

ಆ ಫೋಟೋ ತೆಗೆದವನು ನಾನು. ಅದರಲ್ಲಿ ಯಾರು ಎಲ್ಲಿದ್ದಾರೆ ಎಂದು ಈ ಭೂಮಿಯ ಮೇಲೆ ಬಲ್ಲವನಿದ್ದರೆ ನಾನೊಬ್ಬನೇ.

"ಹೌದ್ರಿ ಆಯಿ, ಅಕಿನೇ" ಎಂದೆ.